ತೆಂಗಿನ ಸೀಮೆಯ ದಾರಿಯಲ್ಲಿ ‘ಟಕ್ ಟಕ್’

ತುಮಕೂರಿನಿಂದ ಅರಸೀಕೆರೆಯತ್ತ ಹೊರಟ ರೈಲು ಗುಬ್ಬಿ, ನಿಟ್ಟೂರು ದಾಟಿದರೆ ಕಿಟಕಿಯ ಎರಡೂ ಬದಿಗೆ ತೆಂಗೇ ತೆಂಗು. ಸಂಪಿಗೆ ರೋಡ್ ಕಳೆದ ಮೇಲೆ ಸಿಗುವ ನಿಲ್ದಾಣ ಅಮ್ಮಸಂದ್ರ. ತುರುವೇಕೆರೆ ತಾಲ್ಲೂಕಿನ ಈ ಊರನ್ನು ಹೊರಗಿನವರಿಗೆ ಪರಿಚಯಿಸಿದ್ದು ಸಿಮೆಂಟು. 1958ರಲ್ಲಿ ಸ್ಥಾಪನೆಯಾದ ಮೈಸೂರು ಸಿಮೆಂಟ್ಸ್ ಕಂಪನಿಯ ಕಾರ್ಖಾನೆ ಇಲ್ಲಿ ತಲೆಯೆತ್ತಿತು. 2006ರಲ್ಲಿ ಆ ಕಂಪನಿ ಜರ್ಮನಿಯ ಹೈಡೆಲ್‌ಬರ್ಗ್ ಸಿಮೆಂಟ್ ಸಮೂಹದ ಕೈ ಸೇರಿತು. ಒಂದೆಡೆ ಕಾರ್ಖಾನೆ, ಇನ್ನೊಂದೆಡೆ ತೋಟ. ಎರಡರ ನಡುವೆ ಊರು.

ಕಿವಿಯಿಂದ ‘ನೋಡುವ’ ವಿದ್ಯೆ ಈ ಸೀಮೆಗೆ ಹೊಸದಲ್ಲ. ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು. ನೀರಿನ ಸದ್ದು ಬೇರೆ, ಕೊಬ್ಬರಿಯ ಸದ್ದು ಬೇರೆ. ಒಡೆಯುವ ಮೊದಲೇ ಒಳಗಿನ ಸಮಾಚಾರ ತಿಳಿಯಿತು! ಹೀಗೆ ಹದವಾದ ಉಂಡೆ ಕೊಬ್ಬರಿಯೇ ತಿಪಟೂರಿನ ಮಾರುಕಟ್ಟೆಯ ಕೀರ್ತಿಗೆ ಕಾರಣ. ವೈದ್ಯರ ಸ್ಟೆತಾಸ್ಕೋಪಿನ ಹಿಂದೆ ಇರುವುದೂ ಇದೇ ತತ್ವ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದ. ಸ್ಟೆತಾಸ್ಕೋಪು ಹುಟ್ಟಿದ್ದು ಹಾಗೆ.

ಈಗ ಇದೇ ಕಿವಿ ವಾಹನಕ್ಕೂ ಬೇಕಾಗಿದೆ. ತೋಟದ ಮನೆಗಳ ಅಂಗಳದಲ್ಲಿ ಎತ್ತರದ ಎಸ್‌ಯುವಿಗಳು ನಿಂತಿರುವುದು ಇಂದು ಸಾಮಾನ್ಯ ನೋಟ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವುದು, ಸಂತೆಗೆ ಹೋಗುವುದು, ರಜೆ ಬಂದರೆ ತುರುವೇಕೆರೆಯ ಬೇಟೆರಾಯಸ್ವಾಮಿ ದೇವಾಲಯಕ್ಕೋ ಅರಳಗುಪ್ಪೆಯ ಹೊಯ್ಸಳ ಶಿಲ್ಪ ನೋಡಲಿಕ್ಕೋ ಹೊರಡುವುದು, ಎಲ್ಲಕ್ಕೂ ಅದೇ ಗಾಡಿ. ಅಂಥ ಗಾಡಿಯ ಮುಂಭಾಗದಲ್ಲಿ ಒಂದು ದಿನ ‘ಟಕ್ ಟಕ್’ ಶುರುವಾಗುತ್ತದೆ. ಗ್ಯಾರೇಜಿನ ಬಾಗಿಲಿಗೆ ಹೋದರೆ ಮಾಯ! “ಅಣ್ಣಾ, ದಾರೀಲಿ ಬತ್ತಾ ಇತ್ತು, ಈಗ ಇಲ್ಲ” ಎಂಬ ಮಾತನ್ನು ಕೇಳದ ಮೆಕ್ಯಾನಿಕ್ ಇರಲಾರ.

ಇಲ್ಲಿಯೇ ಹಣ ಪೋಲಾಗುವುದು. ಶಾಕ್ ಅಬ್ಸಾರ್ಬರ್ ಹೋಗಿರಬಹುದು ಎಂದು ಅದನ್ನು ಬದಲಿಸುತ್ತಾರೆ. ಸದ್ದು ನಿಲ್ಲುವುದಿಲ್ಲ. ಬುಷ್ ಇರಬಹುದು ಎಂದು ಅದನ್ನೂ ಹಾಕಿಸುತ್ತಾರೆ. ಊಹೆ ಮಾಡಿ ಬಿಡಿಭಾಗ ಕೊಳ್ಳುವ ಬದಲು, ಸದ್ದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನು ಮೊದಲು ಗುರುತಿಸಬೇಕು. ಅದಕ್ಕೆ ಬೇಕಾದ ಪ್ರಯೋಗಾಲಯ ಮನೆಯ ಮುಂದಿನ ರಸ್ತೆಯೇ!

ಹೊರಡುವ ಮುನ್ನ ಗಾಡಿಯನ್ನು ಖಾಲಿ ಮಾಡಬೇಕು. ಜಾಕು, ಸ್ಪಾನರು, ಸೀಟಿನ ಕೆಳಗೆ ಉರುಳಿಹೋದ ಒಂದು ತೆಂಗಿನಕಾಯಿ ಕೂಡ ದಾರಿ ತಪ್ಪಿಸಬಲ್ಲವು. ಒಬ್ಬರು ನಿಧಾನವಾಗಿ ಓಡಿಸಲಿ, ಪಕ್ಕದಲ್ಲಿ ಕುಳಿತವರು ಆಲಿಸಿ ಬರೆದುಕೊಳ್ಳಲಿ.

ಊರ ಮುಂದಿನ ರಸ್ತೆಯುಬ್ಬನ್ನು ಎರಡೂ ಮುಂದಿನ ಚಕ್ರಗಳು ಒಟ್ಟಿಗೆ ಹತ್ತಿ ಇಳಿಯುತ್ತವೆ. ಅಲ್ಲಿ ‘ದಡ್’ ಎಂದರೆ ಶಾಕ್ ಅಬ್ಸಾರ್ಬರು, ಅದನ್ನು ಹಿಡಿದಿರುವ ಬೋಲ್ಟುಗಳು, ಲೋಯರ್ ಆರ್ಮಿನ ಬುಷ್ಷುಗಳ ಮೇಲೆ ಅನುಮಾನ. ಉಬ್ಬಿನ ಮೇಲೆ ಸುಮ್ಮನಿದ್ದ ಗಾಡಿ ತೋಟದ ದಾರಿಗೆ ಇಳಿದೊಡನೆ, ಒಂದು ಚಕ್ರ ಗುಂಡಿಗೆ ಬಿದ್ದು ಇನ್ನೊಂದು ಮೇಲೆದ್ದಾಗ ‘ಟಕ್ ಟಕ್’ ಎಂದರೆ ಕಥೆ ಬೇರೆ. ಎಡ-ಬಲ ಚಕ್ರಗಳ ನಡುವೆ ಸ್ಟೆಬಿಲೈಸರ್ ಬಾರ್ ಎಂಬ ಉಕ್ಕಿನ ಸರಳಿದೆ. ತಿರುವಿನಲ್ಲಿ ಗಾಡಿ ಅತಿಯಾಗಿ ವಾಲದಂತೆ ತಡೆಯುವುದು ಅದರ ಕೆಲಸ. ಎರಡೂ ಚಕ್ರ ಒಟ್ಟಿಗೆ ಮೇಲೆದ್ದರೆ ಸರಳು ತನ್ನ ಬುಷ್ಷಿನಲ್ಲಿ ಸುಮ್ಮನೆ ತಿರುಗುತ್ತದೆ; ಒಂದೇ ಚಕ್ರ ಎದ್ದಾಗ ತಿರುಚಿಕೊಳ್ಳುತ್ತದೆ. ಆಗ ಅದರ ತುದಿಯ ಲಿಂಕುಗಳ ಮೇಲೆ ಭಾರ ಬೀಳುತ್ತದೆ. ಸವೆದ ಲಿಂಕು ಬಾಯಿಬಿಡುವುದು ಆಗಲೇ.

ಗುಂಡಿಗಳ ದಾರಿಯಲ್ಲಿ ಬ್ರೇಕನ್ನು ಹಗುರವಾಗಿ ಒತ್ತಿದೊಡನೆ ಗಲಗಲ ನಿಂತರೆ ಬ್ರೇಕ್ ಪ್ಯಾಡುಗಳನ್ನು ನೋಡಬೇಕು. ಬೆಳಗಿನ ಚಳಿಯಲ್ಲಿ ಕಿರ್ ಎಂದು, ಮಳೆ ಬಂದು ನೆನೆದ ಮೇಲೆ ಮೌನವಾದರೆ ಅದು ಬಹುಮಟ್ಟಿಗೆ ಒಣಗಿದ ರಬ್ಬರಿನ ಗೋಳು. ಇಷ್ಟಾದರೂ ಕಿವಿಯನ್ನೇ ಪೂರ್ತಿ ನಂಬುವಂತಿಲ್ಲ. ಸದ್ದು ಉಕ್ಕಿನ ಚೌಕಟ್ಟಿನಲ್ಲಿ ಹರಿದು ಬೇರೆಲ್ಲೋ ಕೇಳಿಸುತ್ತದೆ. ಎಡಗಡೆ ಕೇಳಿದ್ದು ಬಲಗಡೆಯದೂ ಆಗಿರಬಹುದು.

ಹಾಗಾದರೆ ಗ್ಯಾರೇಜಿನಲ್ಲಿ ದೋಷ ಅಡಗುವುದೇಕೆ? ಗಾಡಿಯನ್ನು ಎತ್ತಿದೊಡನೆ ಚಕ್ರಗಳು ಜೋತುಬೀಳುತ್ತವೆ. ರಸ್ತೆಯ ಮೇಲೆ ಕೀಲುಗಳಿಗೆ ಬೀಳುತ್ತಿದ್ದ ಭಾರದ ದಿಕ್ಕೇ ಬದಲಾಗುತ್ತದೆ. ಸಡಿಲವಾದ ಕೀಲೂ ಬಿಗಿಯಾಗಿರುವಂತೆ ತೋರಬಹುದು. ಆದ್ದರಿಂದ ಚಕ್ರ ನೆಲದ ಮೇಲಿರುವಾಗಲೂ ಪರೀಕ್ಷೆ ಆಗಬೇಕು. ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪ ಅತ್ತಿತ್ತ ಆಡಿಸುವಾಗ ಇನ್ನೊಬ್ಬರು ಕೀಲಿನ ಮೇಲೆ ಬೆರಳಿಟ್ಟರೆ ಕಣ್ಣಿಗೆ ಕಾಣದ ಸಡಿಲು ಕೈಗೆ ತಿಳಿಯುತ್ತದೆ. ಎತ್ತಿದ ಮೇಲೆ ಚಕ್ರವನ್ನು ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಆಡಿಸಿದಾಗ ಅಲುಗಿದರೆ ಬೇರಿಂಗು ಇಲ್ಲವೆ ಬಾಲ್ ಜಾಯಿಂಟು. ಮೂರು ಮತ್ತು ಒಂಬತ್ತರಲ್ಲಿ ಅಲುಗಿದರೆ ಟೈ ರಾಡಿನ ತುದಿಯ ಮೇಲೆ ಗುಮಾನಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು. ಗಟ್ಟಿ ಸ್ಟ್ಯಾಂಡು ಕೊಟ್ಟೇ ಕೆಲಸ ಆಗಬೇಕು.

ಸದ್ದನ್ನು ‘ಇದ್ದದ್ದೇ’ ಎಂದು ತಳ್ಳಿಹಾಕುವುದು ಏಕೆ ತಪ್ಪು ಎಂಬುದಕ್ಕೆ ಉತ್ತರ ಬಾಲ್ ಜಾಯಿಂಟಿನಲ್ಲಿದೆ. ಲಿಂಕಿನ ಸದ್ದು ಕಿರಿಕಿರಿ ಮಾತ್ರ. ಆದರೆ ಸವೆದ ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಂಡು ಗಾಡಿ ಹತೋಟಿ ತಪ್ಪುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ರೀತಿ ‘ಟಕ್’ ಎನ್ನುತ್ತವೆ! ಹಿಂದಿನ ಸೀಟಿನಲ್ಲಿ ಮಕ್ಕಳು ಕುಳಿತಿರುವಾಗ ಯಾವುದೋ ಒಂದು ಇರಬಹುದು ಎಂದು ಸುಮ್ಮನಾಗುವಂತಿಲ್ಲ. ಯಾವುದು ಎಂದು ಗೊತ್ತಾಗುವವರೆಗೆ ವೇಗದ ಪ್ರಯಾಣ ಬೇಡ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಪರಿಚಿತ ದಾರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲಿತಾಂಶ ನೋಡುವುದು ಶಾಲೆಯ ಪ್ರಯೋಗದ ನಿಯಮ. ಮೆಕ್ಯಾನಿಕ್ ಎರಡೂ ಲಿಂಕುಗಳನ್ನು ಬಿಚ್ಚಿಟ್ಟು ಅದೇ ತೋಟದ ದಾರಿಯಲ್ಲಿ ನಡಿಗೆಯ ವೇಗದಲ್ಲಿ ಹೋಗಿ ನೋಡುವುದೂ ಅದೇ ನಿಯಮ. ಸದ್ದು ನಿಂತರೆ ಕಳ್ಳ ಸಿಕ್ಕ. ನಿಲ್ಲದಿದ್ದರೆ ಹೊಸ ಲಿಂಕಿನ ಖರ್ಚು ಉಳಿಯಿತು, ಹುಡುಕಾಟ ಮುಂದಿನ ಕೀಲಿಗೆ. ಬುಷ್ ಹಾಕಿಸುವುದಾದರೆ ಗಾಡಿಯ ಭಾರ ಚಕ್ರಗಳ ಮೇಲೆ ಇರುವಾಗಲೇ ಬೋಲ್ಟನ್ನು ಕೊನೆಯ ಬಿಗಿ ಮಾಡಿಸಬೇಕು. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಗ್ಯಾರೇಜಿಗೆ ಹೋಗುವಾಗ ಒಂದು ಚೀಟಿ ಜೊತೆಗಿರಲಿ: ಯಾವ ದಾರಿ, ಎಷ್ಟು ವೇಗ, ಉಬ್ಬೋ ಗುಂಡಿಯೋ, ಬ್ರೇಕ್ ಒತ್ತಿದಾಗ ಏನಾಯಿತು, ಚಳಿಯೋ ಬಿಸಿಲೋ. ಈ ಚೀಟಿ ಬರೆಯುವ ಕೆಲಸವನ್ನು ಮನೆಯ ಮಕ್ಕಳಿಗೇ ವಹಿಸಬಹುದು. ರಿಪೇರಿ ಮುಗಿದ ಮೇಲೆ ಹಣ ಕೊಡುವ ಮುನ್ನ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಗುಂಡಿಗಳ ದಾರಿಯಲ್ಲಿ ಮತ್ತೊಂದು ಸುತ್ತು ಹೋಗಿಬರಬೇಕು.