ಎಷ್ಟು ಕೊಡುತ್ತೆ? (ಇಂಗ್ಲೆಂಡ್ ನರ್ಸ್ ಡೈರಿ, ಭಾಗ 23)

ಎರಡು ನೈಟ್ ಡ್ಯೂಟಿ ಮುಗಿಸಿ ಚೆನ್ನಾಗಿ ನಿದ್ದೆ ಮಾಡಿ ಎದ್ದು, ಕಾಫಿ ಕುಡೀತಾ ಬರೀತಿದ್ದೀನಿ. ಹೋದ ಭಾಗದಲ್ಲಿ ಡ್ರೈವಿಂಗ್ ಟೆಸ್ಟ್ ಬಗ್ಗೆ ಬರೆದ ಮೇಲೆ ಹೊಸದಾಗಿ ಬಂದಿರೋ ತುಂಬಾ ಜನ ಇನ್‌ಬಾಕ್ಸಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಾ, ಸೆಕೆಂಡ್ ಹ್ಯಾಂಡ್ ಕಾರು ತಗೋಬೇಕು, ಡೀಸೆಲ್ ಒಳ್ಳೇದಾ? ಮೈಲೇಜ್ ಎಷ್ಟು ಕೊಡುತ್ತೆ?"

ಇದಕ್ಕೆ ಉತ್ತರ ಹೇಳೋಕೆ ಮುಂಚೆ ನಾನು ಮಾಡಿದ ಒಂದು ತಪ್ಪು ಹೇಳ್ಬೇಕು. ಬರೆಯೋಕೆ ಸ್ವಲ್ಪ ನಾಚಿಕೆ ಆಗುತ್ತೆ, ಆದ್ರೂ ಬರೀತೀನಿ.

ನಮ್ಮ ಮನೆಯಿಂದ ಆಸ್ಪತ್ರೆಗೆ 22 ಮೈಲಿ. ಮುಕ್ಕಾಲು ದಾರಿ ಮೋಟರ್‌ವೇ. ನಾವು ತಗೊಂಡಿದ್ದು 2013ರ ಒಂದು 1.6 ಡೀಸೆಲ್ ಕಾರು. ಹಿಂದೆ ಮಗನ ಸೀಟು, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಎಲ್ಲಾ ಹಿಡಿಸುತ್ತೆ. ಮಾರೋವಾಗ ಹಾಕಿದ್ದ ಕಾಗದದಲ್ಲಿ 67 ಎಂಪಿಜಿ ಅಂತಿತ್ತು. ಇಲ್ಲಿನ ಗ್ಯಾಲನ್ ಅಂದ್ರೆ 4.546 ಲೀಟರ್. ನಮ್ಮ ಲೆಕ್ಕದಲ್ಲಿ ಲೀಟರಿಗೆ ಹತ್ತತ್ರ 24 ಕಿಲೋಮೀಟರ್. ನಮ್ಮೆಜಮಾನ್ರಿಗೆ ಖುಷಿಯೋ ಖುಷಿ.

ನನಗೆ ಅನುಮಾನ. ವಾರ್ಡಲ್ಲಿ ರೋಗಿ "ನೀರು ಚೆನ್ನಾಗಿ ಕುಡಿದೆ ಸಿಸ್ಟರ್" ಅಂದ್ರೆ ನಾವು ಚಾರ್ಟಲ್ಲಿ "ಚೆನ್ನಾಗಿ" ಅಂತ ಬರೀತೀವಾ? ಎಷ್ಟು ಎಂಎಲ್ ಅಂತ ಅಳೀತೀವಿ. ಹಾಗೇ ಕಾರಿಗೂ ಮಾಡಿದೆ. ಟ್ಯಾಂಕ್ ಬಾಯಿವರೆಗೂ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿದೆ. ಮುಂದಿನ ಸಲ ಅದೇ ಬಂಕಲ್ಲಿ ಮತ್ತೆ ಬಾಯಿವರೆಗೂ ತುಂಬಿಸಿದೆ. 489 ಮೈಲಿ ಓಡಿತ್ತು, 41.2 ಲೀಟರ್ ಹಿಡೀತು. ಲೆಕ್ಕ ಹಾಕಿದ್ರೆ 54. ಕಾರಿನ ಸ್ಕ್ರೀನ್ ಮಾತ್ರ 58 ಅಂತ ತೋರಿಸ್ತಿತ್ತು! ಜನವರಿ ಚಳಿಯಲ್ಲಿ ಅದೇ ದಾರಿಯಲ್ಲಿ 49ಕ್ಕೆ ಇಳೀತು.

ಕಾಗದದ 67 ಎಲ್ಲಿಂದ ಬಂತು? ಆ ಕಾಲದ ಟೆಸ್ಟ್ ಹೆಸರು ಎನ್‌ಇಡಿಸಿ. ರಸ್ತೆಯಲ್ಲಲ್ಲ, ಲ್ಯಾಬಲ್ಲಿ ರೋಲರ್ ಮೇಲೆ ಓಡಿಸೋದು. ಇಪ್ಪತ್ತು ನಿಮಿಷ, ಸುಮಾರು 11 ಕಿಲೋಮೀಟರ್, ಸರಾಸರಿ ವೇಗ ಗಂಟೆಗೆ 34 ಕಿಲೋಮೀಟರ್ ಕೂಡ ಇಲ್ಲ. ಲ್ಯಾಬಿನ ಬಿಸಿ 20ರಿಂದ 30 ಡಿಗ್ರಿ. ಎಸಿ ಇಲ್ಲ, ಗಾಳಿ ಮಳೆ ಇಲ್ಲ, ಹಿಂದೆ ಕೂತು ಕಿರುಚೋ ಮಗ ಇಲ್ಲ. 2017ರ ಸೆಪ್ಟೆಂಬರಿಂದ ಡಬ್ಲ್ಯುಎಲ್‌ಟಿಪಿ ಅಂತ ಹೊಸ ಟೆಸ್ಟ್ ಬಂತು. ಅದು ಮೂವತ್ತು ನಿಮಿಷ, 23 ಕಿಲೋಮೀಟರ್, ವೇಗವೂ ಜಾಸ್ತಿ, ಹಾಗಾಗಿ ನಿಜಕ್ಕೆ ಸ್ವಲ್ಪ ಹತ್ತಿರ. ಆದ್ರೆ ನಮ್ಮಂಥವರು ಕೊಳ್ಳೋ ಹಳೇ ಕಾರುಗಳ ಕಾಗದದಲ್ಲಿ ಹಳೇ ಟೆಸ್ಟಿನ ನಂಬರೇ ಇರುತ್ತೆ.

ಇಷ್ಟೆಲ್ಲಾ ಗೊತ್ತಿತ್ತು ನನಗೆ. ಆದ್ರೂ ತಪ್ಪು ಮಾಡಿದೆ.

2022ರಲ್ಲಿ ನಮ್ಮ ವಾರ್ಡಿಗೆ ನಮ್ಮ ಕಡೆಯ ಒಬ್ಬ ಹುಡುಗಿ ಬಂದಳು. ಆಸ್ಕಿ ಪರೀಕ್ಷೆ ಪಾಸಾಗಿ ಆಗಷ್ಟೇ ಪಿನ್ ಬಂದಿತ್ತು. ಊರಲ್ಲಿ ಅಪ್ಪನ ಸಾಲ ತೀರಿಸ್ತಾ ಇದ್ದಳು. ಭಾನುವಾರ ಬೆಳಿಗ್ಗೆ ಡ್ಯೂಟಿಗೆ ಬಸ್ ಸಿಗಲ್ಲ, ಕಾರು ಬೇಕು ಅಂದಳು. "ಯಾವುದು ತಗೊಳ್ಲಿ ಅಕ್ಕಾ?" ನಾನು ಒಂದು ನಿಮಿಷವೂ ಯೋಚಿಸದೆ ಹೇಳಿದೆ: "ಕಣ್ಣು ಮುಚ್ಕೊಂಡು ಡೀಸೆಲ್ ತಗೋ. ನಂದು 54 ಕೊಡುತ್ತೆ, ರೋಡ್ ಟ್ಯಾಕ್ಸ್ ವರ್ಷಕ್ಕೆ ಬರೀ 20 ಪೌಂಡ್." ನಮ್ಮ ಕಾರಿನ ಮಾಡಲ್‌ನೇ, 2012ರದ್ದು, 3,200 ಪೌಂಡಿಗೆ ತಗೊಂಡಳು. ಅರ್ಧ ದುಡ್ಡು ಸಾಲ.

ಫೆಬ್ರವರಿಯ ಒಂದು ಸಂಜೆ, ನಂದು ಡೇ ಶಿಫ್ಟ್, ಅವಳದ್ದು ನೈಟ್. ಏಳೂಕಾಲಿಗೆ ಫೋನ್. "ಅಕ್ಕಾ, ಹಳದಿ ಲೈಟ್ ಬಂದಿದೆ, ಗಾಡಿ ಎಳೀತಾನೇ ಇಲ್ಲ." ರಸ್ತೆ ಪಕ್ಕ ನಿಲ್ಲಿಸಿ, ಮಳೆಯಲ್ಲಿ ನಡ್ಕೊಂಡು ಬಂದಳು. ಅವಳು ಬರೋವರೆಗೂ ಅವಳ ರೋಗಿಗಳನ್ನ ನಾನೇ ನೋಡ್ಕೊಂಡೆ. ಒದ್ದೆ ಕೂದಲಲ್ಲೇ ಹ್ಯಾಂಡೋವರ್ ತಗೊಂಡಳು. ಆ ಮುಖ ಈಗಲೂ ಕಣ್ಮುಂದೆ ಇದೆ.

ಗ್ಯಾರೇಜಿನವನು ಹೇಳಿದ್ದು: ಡಿಪಿಎಫ್ ಕಟ್ಟಿಕೊಂಡಿದೆ. ಹೊಗೆಯಲ್ಲಿರೋ ಮಸಿ ಹಿಡಿಯೋ ಫಿಲ್ಟರ್ ಅದು. ಮಸಿ ತುಂಬಿದಾಗ ಕಾರು ತಾನೇ ಸ್ವಲ್ಪ ಹೆಚ್ಚು ಡೀಸೆಲ್ ಸುರಿದು, ಫಿಲ್ಟರನ್ನ 600 ಡಿಗ್ರಿ ಹತ್ತಿರ ಬಿಸಿ ಮಾಡಿ ಮಸಿ ಸುಡುತ್ತೆ. ಅದಕ್ಕೆ ಇಂಜಿನ್ ಪೂರ್ತಿ ಬಿಸಿಯಾಗಿರ್ಬೇಕು, ಹತ್ತು ಹದಿನೈದು ನಿಮಿಷ ಒಂದೇ ಸಮನೆ ಓಡ್ತಿರ್ಬೇಕು. ಡೀಸೆಲ್ ಇಂಜಿನ್ ಮೊದಲೇ ನಿಧಾನಕ್ಕೆ ಬಿಸಿಯಾಗೋದು. ಅರ್ಧಕ್ಕೆ ಆಫ್ ಮಾಡಿದ್ರೆ ಸುರಿದ ಡೀಸೆಲ್ ದಂಡ, ಅದ್ರಲ್ಲಿ ಸ್ವಲ್ಪ ಇಂಜಿನ್ ಆಯಿಲ್‌ಗೂ ಇಳಿಯುತ್ತೆ. ಮಾರನೇ ದಿನ ಮತ್ತೆ ಅದೇ ಕಥೆ.

ಅವಳ ರೂಮಿಂದ ಆಸ್ಪತ್ರೆಗೆ ಎಷ್ಟು ದೂರ ಗೊತ್ತಾ? ಎರಡೂವರೆ ಮೈಲಿ. ಒಂಬತ್ತು ನಿಮಿಷ. ಅದನ್ನ ನಾನು ಕೇಳೇ ಇರಲಿಲ್ಲ.

ಆ ರಾತ್ರಿ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ದಿನಕ್ಕೆ 5 ಮೈಲಿ, ವರ್ಷಕ್ಕೆ 150 ಶಿಫ್ಟ್, 750 ಮೈಲಿ. ಅವಳ ಕಾರು ಕೊಡ್ತಿದ್ದಿದ್ದು 34, ಅಂದ್ರೆ ಲೀಟರಿಗೆ 12 ಕಿಲೋಮೀಟರ್. ಡ್ಯೂಟಿ ಓಡಾಟಕ್ಕೆ ವರ್ಷಕ್ಕೆ ನೂರು ಲೀಟರ್. ಕಾಗದದ 67 ಪೂರ್ತಿ ನಿಜ ಆಗಿದ್ರೂ ಉಳೀತಿದ್ದಿದ್ದು 50 ಲೀಟರ್, ಎಪ್ಪತ್ತೈದು ಪೌಂಡ್ ಇರಬಹುದು. ಅದನ್ನ ಉಳಿಸೋಕೆ ಹೋಗಿ ಹೊಸ ಫಿಲ್ಟರಿಗೆ ಬಂದ ಬಿಲ್ 1,100 ಪೌಂಡ್. ಜೊತೆಗೆ ಬರ್ಮಿಂಗ್‌ಹ್ಯಾಮ್ ಸಿಟಿ ಒಳಗೆ ಹೋದ್ರೆ ದಿನಕ್ಕೆ 8 ಪೌಂಡ್. 2021ರ ಜೂನಿಂದ ಅಲ್ಲಿ ಕ್ಲೀನ್ ಏರ್ ಝೋನ್ ಇದೆ, ಡೀಸೆಲ್ ಕಾರು ಯೂರೋ 6 ಆಗಿರ್ಬೇಕು. ಅವಳದ್ದು ಯೂರೋ 5. ಇದನ್ನೂ ನಾನು ಹೇಳಿರಲಿಲ್ಲ.

ಇನ್ನೊಬ್ಬ ಮೆಕ್ಯಾನಿಕ್ ಸಿಕ್ಕಿದ. "250 ಕೊಡಿ, ಫಿಲ್ಟರ್ ಒಳಗಡೆದು ತೆಗೆದುಬಿಡ್ತೀನಿ, ಮೈಲೇಜೂ ಜಾಸ್ತಿ ಬರುತ್ತೆ" ಅಂದ. ಅವಳು ನನ್ನ ಮುಖ ನೋಡಿದಳು. ಒಂದು ಕ್ಷಣ ನನಗೂ ಆಸೆ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಫಿಲ್ಟರ್ ತೆಗೆದ ಕಾರು ರಸ್ತೆ ಮೇಲೆ ಓಡಿಸೋದು ಇಲ್ಲಿ ಕಾನೂನಿಗೆ ವಿರುದ್ಧ, 2014ರಿಂದ ಎಂಒಟಿಯಲ್ಲೂ ಫೇಲ್. ಅದಕ್ಕಿಂತ ಹೆಚ್ಚಾಗಿ, ನಾವಿಬ್ಬರೂ ಕೆಲಸ ಮಾಡೋದು ಉಸಿರಾಟದ ವಾರ್ಡಲ್ಲಿ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ರಾತ್ರಿಯೆಲ್ಲಾ ನೆಬ್ಯುಲೈಸರ್ ಹಾಕಿ, ಬೆಳಿಗ್ಗೆ ಆ ಹೊಗೆ ಬಿಟ್ಕೊಂಡು ಮನೆಗೆ ಹೋಗೋದಾ? "ಬೇಡ ಅಕ್ಕಾ" ಅಂತ ಅವಳೇ ಮೊದಲು ಅಂದಳು.

ರಿಪೇರಿ ಮಾಡಿಸಿ, ನಷ್ಟಕ್ಕೆ ಮಾರಿ, ಚಿಕ್ಕ ಪೆಟ್ರೋಲ್ ಕಾರು ತಗೊಂಡಳು. ಅರ್ಧ ಬಿಲ್ ನಾನು ಕೊಡ್ತೀನಿ ಅಂದ್ರೆ ತಗೊಳ್ಳಲಿಲ್ಲ. "ನೀವು ಸುಳ್ಳು ಹೇಳಲಿಲ್ಲ ಅಕ್ಕಾ. ನನ್ನ ದಾರಿ ಎಷ್ಟು ಅಂತ ಕೇಳಲಿಲ್ಲ, ಅಷ್ಟೇ" ಅಂದಳು. ಬೈದಿದ್ರೆ ಇಷ್ಟು ನೋವಾಗ್ತಿರಲಿಲ್ಲ.

ಆ ವಾರ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಎಲ್ಲಾ ಹೇಳಿದೆ. ಅಪ್ಪ ಸಕಲೇಶಪುರದಲ್ಲಿ ಇಪ್ಪತ್ತು ವರ್ಷ ಬಾಡಿಗೆ ಜೀಪು ಓಡಿಸಿದವರು. ನಾನು ಚಿಕ್ಕವಳಿದ್ದಾಗ ಯಾರಾದ್ರೂ "ಎಷ್ಟು ಕೊಡುತ್ತೆ ನಿಮ್ಮ ಜೀಪು?" ಅಂತ ಕೇಳಿದ್ರೆ ಅಪ್ಪ ತಿರುಗಿ ಕೇಳ್ತಿದ್ರು, "ಯಾವ ದಾರೀಲಿ? ಹಾಸನಕ್ಕಾ, ಶಿರಾಡಿ ಘಾಟಿಗಾ?" ಆಗ ಅದು ತಮಾಷೆ ಅಂದ್ಕೊಂಡಿದ್ದೆ. ಅಪ್ಪ ಕೇಳಿಸ್ಕೊಂಡು ಅಂದಿದ್ದು ಇಷ್ಟೇ: "ಗಾಡಿ ಎಲ್ಲಿ ಕೊಡುತ್ತೆ ಮಗಾ, ಕೊಡೋದು ದಾರಿ."

ಹಾಗಾಗಿ ಹೊಸದಾಗಿ ಬಂದವರೇ, ನನ್ನನ್ನ ಕೇಳೋಕೆ ಮುಂಚೆ ಇಷ್ಟು ಬರೆದಿಟ್ಕೊಳ್ಳಿ. ದಿನಾ ಒಂದು ಸಲಕ್ಕೆ ಎಷ್ಟು ಮೈಲಿ ಓಡಿಸ್ತೀರಿ? ವಾರಕ್ಕೊಮ್ಮೆಯಾದ್ರೂ ಅರ್ಧ ಗಂಟೆ ಮೋಟರ್‌ವೇ ಇದೆಯಾ? ಸಿಟಿ ಒಳಗೆ ಹೋಗ್ತೀರಾ? ಮೊದಲ ಉತ್ತರ ಐದಾರು ಮೈಲಿಗಿಂತ ಕಮ್ಮಿ, ಎರಡನೇದು "ಇಲ್ಲ" ಅಂದ್ರೆ ಹಳೇ ಡೀಸೆಲ್ ಕಡೆ ತಲೆ ಹಾಕ್ಬೇಡಿ, ಕಾಗದದಲ್ಲಿ ಎಷ್ಟೇ ಬರೆದಿರಲಿ. ತಗೊಂಡ ಮೇಲೆ ಸ್ಕ್ರೀನ್ ನಂಬ್ಬೇಡಿ, ಟ್ಯಾಂಕ್ ತುಂಬಿಸಿ ಅಳೀರಿ.

ಆ ಹುಡುಗಿ ಈಗ ನಮ್ಮ ವಾರ್ಡಲ್ಲೇ ಸೀನಿಯರ್. ಈ ಪೋಸ್ಟ್ ಅವಳಿಗೆ ತೋರಿಸಿಯೇ ಹಾಕ್ತಿದ್ದೀನಿ. "ಮಳೆಯಲ್ಲಿ ನಡೆದಿದ್ದು ಬರೀರಿ ಅಕ್ಕಾ, ಆಗಲೇ ಜನಕ್ಕೆ ಬುದ್ಧಿ ಬರೋದು" ಅಂದಳು. ಬರೆದಿದ್ದೀನಿ.

ಮುಂದಿನ ಭಾಗದಲ್ಲಿ ಇಲ್ಲಿನ ಕಾರ್ ಇನ್ಶೂರೆನ್ಸ್ ಬಗ್ಗೆ. ಅದು ಇನ್ನೊಂದು ದೊಡ್ಡ ಗೋಳು. ಇವತ್ತಿಗೆ ಇಷ್ಟು, ಮಗನ್ನ ಸ್ಕೂಲಿಂದ ಕರ್ಕೊಂಡು ಬರೋ ಹೊತ್ತಾಯ್ತು. ಅರ್ಧ ಮೈಲಿ ಅಷ್ಟೇ, ನಡ್ಕೊಂಡೇ ಹೋಗ್ತೀನಿ.