ರೇಂಜ್ ಸಿಗುವ ತಿರುವು

ಕೊಡಗಿನಲ್ಲಿ ಮೊಬೈಲ್ ಸಿಗ್ನಲ್ಲಿಗೆ ಜನ ‘ರೇಂಜ್’ ಅನ್ನುತ್ತಾರೆ. ಮನೆಯಲ್ಲಿ ರೇಂಜ್ ಇಲ್ಲದ ಊರಿಗೂ ರೇಂಜ್ ಸಿಗುವ ಒಂದು ಜಾಗ ಇದ್ದೇ ಇರುತ್ತದೆ: ರಸ್ತೆಯ ಏರು ತಿರುವು, ಮೋರಿಯ ಕಟ್ಟೆ, ಗದ್ದೆ ದಾಟಿದ ಮೇಲೆ ಸಿಗುವ ಎತ್ತರದ ಬಾಣೆ ಭೂಮಿ. ಸಂಜೆಯಾದರೆ ಅಲ್ಲಿ ನಾಲ್ಕು ಬೈಕುಗಳು ನಿಲ್ಲುತ್ತವೆ. ಹಗಲೆಲ್ಲ ತಡೆದು ನಿಂತಿದ್ದ ಸಂದೇಶಗಳು ಒಟ್ಟಿಗೆ ಬಂದು ಬೀಳುತ್ತವೆ. ಹೊಸ ಫೋನು, ಹೊಸ ಯಂತ್ರ, ಹೊಸ ಆ್ಯಪಿನ ಸುದ್ದಿ ಊರಿಗೆ ಮುಟ್ಟುವುದು ಅಲ್ಲಿ. ಅದಕ್ಕೆ ಊರಿನವರ ಕೊಂಕು ಮಾತು ಹುಟ್ಟುವುದೂ ಅಲ್ಲಿಯೇ. ಮೊಬೈಲಿಗಿಂತ ಮೊದಲು ಈ ಎರಡೂ ಬಸ್ಸು ನಿಲ್ಲುವ ಕಡೆಯ ಅಂಗಡಿಯ ಬೆಂಚಿನ ಮೇಲೆ ನಡೆಯುತ್ತಿದ್ದವು.

ಆ ಬೆಂಚಿಗೆ ಸುದ್ದಿ ತರುತ್ತಿದ್ದದ್ದು ಬಸ್ಸಿನಲ್ಲಿ ಬರುವ ಪೇಪರ್ ಕಟ್ಟು. ಮೈಸೂರು, ಬೆಂಗಳೂರಿನ ಪತ್ರಿಕೆಗಳ ಜೊತೆಗೆ ಮಡಿಕೇರಿಯ ‘ಶಕ್ತಿ’ ಇರುತ್ತಿತ್ತು. 1957ರಲ್ಲಿ ಬಿ.ಎಸ್. ಗೋಪಾಲಕೃಷ್ಣ ಆರಂಭಿಸಿದ ಈ ದಿನಪತ್ರಿಕೆಯಲ್ಲಿ ಊರಿನ ಮಳೆ, ಮದುವೆ, ಮರಣ, ಆನೆ ಬಂದ ಸುದ್ದಿ ಓದಿದ ಮೇಲೆಯೇ ಹೊರಗಿನ ಪತ್ರಿಕೆ ಬಿಚ್ಚುವುದು. ಒಬ್ಬ ಜೋರಾಗಿ ಓದುತ್ತಿದ್ದ, ಉಳಿದವರು ಬೆಲ್ಲದ ಕಾಪಿ ಕುಡಿಯುತ್ತಾ ಕೇಳುತ್ತಿದ್ದರು. ಯಂತ್ರದ ಸುದ್ದಿ ಯಾವುದೇ ಬರಲಿ, ಬೆಂಚಿನಿಂದ ಏಳುತ್ತಿದ್ದ ಪ್ರಶ್ನೆ ಒಂದೇ: ಮಳೆಗಾಲದಲ್ಲಿ ಏನು ಗತಿ?

ಇದನ್ನು ಹಳ್ಳಿಗರ ಅಜ್ಞಾನ ಎಂದು ಪಟ್ಟಣದವರು ತಿಳಿದದ್ದುಂಟು. ಅದು ತಪ್ಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಮಳೆಗೆ ಮರ ಬಿದ್ದು ವಿದ್ಯುತ್ ತಂತಿ ಹರಿಯುತ್ತದೆ, ಒಳಗಿನ ಊರುಗಳಲ್ಲಿ ಕರೆಂಟು ದಿನಗಟ್ಟಲೆ ಬರುವುದಿಲ್ಲ. ಬಯಲು ಸೀಮೆಯಂತೆ ಮನೆಗಳು ಒಂದೇ ಕಡೆ ಒತ್ತಾಗಿಲ್ಲ. ಒಂದೊಂದು ಮನೆ ಒಂದೊಂದು ತೋಟದ ನಡುವೆ, ಗುಡ್ಡದ ಮಗ್ಗುಲಲ್ಲಿ ಇದೆ. ಒಂದು ಮನೆಗೆ ತಂತಿ ಎಳೆಯಬೇಕಾದರೆ ಹತ್ತು ಮರ ದಾಟಬೇಕು. 4,102 ಚದರ ಕಿಲೋಮೀಟರಿನ ಈ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು ಐದೂವರೆ ಲಕ್ಷ. ಸಮತಟ್ಟು ನೆಲ, ಒತ್ತು ಮನೆ, ನಿಲ್ಲದ ಕರೆಂಟು ಎಂಬ ಲೆಕ್ಕದಲ್ಲಿ ತಯಾರಾದ ಯಾವ ಯಂತ್ರವೂ ಇಲ್ಲಿ ಮೊದಲ ಮಳೆಗೇ ಪರೀಕ್ಷೆಗೆ ಕೂರುತ್ತಿತ್ತು. ಬೆಂಚಿನ ಕೊಂಕು ಆ ಪರೀಕ್ಷೆಯ ಮೊದಲ ಪ್ರಶ್ನೆ.

ಟೆಲಿಫೋನಿನ ವಿಷಯದಲ್ಲಿ ಈ ಕೊಂಕು ಚೆನ್ನಾಗಿ ಕಂಡಿತು. ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ತಯಾರಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ ದೇಶದಲ್ಲಿ ಮೊದಲು ಶುರುವಾದದ್ದು 1986ರಲ್ಲಿ, ಕರ್ನಾಟಕದ್ದೇ ಆದ ಕಿತ್ತೂರಿನಲ್ಲಿ. ಆಮೇಲೆ ಎಸ್‌ಟಿಡಿ ಬೂತುಗಳು ಬಂದವು. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾದವರು, ನಂಬರ್ ಒತ್ತಿದ ಕೂಡಲೇ ದೆಹಲಿ ಸಿಗುತ್ತದೆ ಅಂದರೆ ನಗುತ್ತಿದ್ದರು. ಆ ನಗುವಿನ ಅಡಿಯಲ್ಲಿ ಆಸೆಯೂ ಇತ್ತು. ಕೊಡಗು ಸೈನಿಕರ ನಾಡು. ಮಗನೋ ಅಣ್ಣನೋ ಗಡಿಯಲ್ಲಿರುವ ಮನೆಗಳು ಊರೂರಲ್ಲಿ ಇವೆ. ಟೆಲಿಗ್ರಾಂ ಬಂತೆಂದರೆ ಒಡೆಯುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿದ್ದ ಕಾಲ ಅದು. ರಾತ್ರಿ ದರ ಇಳಿದ ಮೇಲೆ ಬೂತಿನ ಗಾಜಿನ ಬಾಗಿಲ ಆಚೆ ಟಾರ್ಚು, ಕೊಡೆ ಹಿಡಿದು ಸಾಲು ನಿಂತ ತಾಯಂದಿರನ್ನು ಕಂಡವರು ಆ ಯಂತ್ರವನ್ನು ಮತ್ತೆ ಗೇಲಿ ಮಾಡಲಿಲ್ಲ. 2013ರ ಜುಲೈಯಲ್ಲಿ ಟೆಲಿಗ್ರಾಂ ಸೇವೆ ನಿಂತಾಗ ಪತ್ರಿಕೆಗಳು ಕಳೆದ ಯುಗಕ್ಕೆ ಮರುಗಿದವು. ಬೆಂಚಿನ ಹಿರಿಯರಲ್ಲಿ ಅದಕ್ಕಾಗಿ ಮರುಗಿದವರು ಕಡಿಮೆ.

ಕಾಫಿಯ ಬೆಲೆಯ ಕತೆ ಬೇರೆ. 1942ರ ಕಾಫಿ ಕಾಯ್ದೆಯ ನಂತರ ಬೆಳೆಗಾರ ತನ್ನ ಬೆಳೆಯನ್ನು ಕಾಫಿ ಮಂಡಳಿಯ ಸಾಮೂಹಿಕ ಪೂಲಿಗೆ ಹಾಕಬೇಕಿತ್ತು; ಹಣ ಕಂತು ಕಂತಾಗಿ ಬರುತ್ತಿತ್ತು. ದಿನದ ಬೆಲೆ ತಿಳಿದು ಆಗುವ ಲಾಭ ಏನೂ ಇರಲಿಲ್ಲ. 1992ರಿಂದ ಈ ಕಟ್ಟು ಸಡಿಲಾಗುತ್ತಾ ಬಂತು, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಅದರ ನಡುವೆ 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿನ ಗಿಡಗಳು ಸುಟ್ಟವು, ಇಲ್ಲಿ ಬೆಲೆ ಏರಿತು. ಭೂಮಿಯ ಆಚೆ ಬದಿಯ ಚಳಿಗೂ ವಿರಾಜಪೇಟೆಯ ಕಣದಲ್ಲಿ ಒಣಗುತ್ತಿರುವ ಕಾಫಿ ಹಣ್ಣಿಗೂ, ಅಂದರೆ ಚೆರಿಗೂ, ನಂಟಿದೆ ಎಂದು ಊರು ಕಲಿತದ್ದು ಆ ವರ್ಷ.

ಆಗಿನಿಂದ ವ್ಯಾಪಾರಿಗಳ ಅಂಗಡಿಯ ಮುಂದೆ ಕರಿಹಲಗೆ ಬಂತು. ಸೀಮೆಸುಣ್ಣದಲ್ಲಿ ನಾಲ್ಕು ಸಾಲು: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ. ಕೆಳಗೆ ಕರಿಮೆಣಸು. ಐವತ್ತು ಕಿಲೋ ಚೀಲದ ದರ. ಬೆಳಗ್ಗೆ ಬರೆದದ್ದನ್ನು ಮಧ್ಯಾಹ್ನ ಅಂಗೈಯಲ್ಲಿ ಒರೆಸಿ ತಿದ್ದಿದ ಬಿಳಿ ಕಲೆ ಹಲಗೆಯ ಮೇಲೆ ಉಳಿದಿರುತ್ತಿತ್ತು. ಆ ಕಲೆ ನೋಡಿಯೇ ಬೆಲೆ ಅಲುಗಾಡಿದ್ದನ್ನು ಬೆಳೆಗಾರ ಊಹಿಸುತ್ತಿದ್ದ. ಈಗ ಲಂಡನ್ನಿನ ರೋಬಸ್ಟಾ ದರ, ನ್ಯೂಯಾರ್ಕಿನ ಅರೇಬಿಕಾ ದರ ಫೋನಿನಲ್ಲಿಯೇ ಬರುತ್ತದೆ. 2024ರಲ್ಲಿ ರೋಬಸ್ಟಾ ಚೆರಿ ಚೀಲಕ್ಕೆ ಹತ್ತು ಸಾವಿರ ರೂಪಾಯಿ ದಾಟಿದ್ದನ್ನು ಜನ ಮೊದಲು ಕಂಡದ್ದು ಪರದೆಯ ಮೇಲೆ. ಆದರೆ ಕೈಗೆ ಬರುವ ಹಣವನ್ನು ಪರದೆ ಹೇಳುವುದಿಲ್ಲ. ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಸ್ಯಾಂಪಲ್ ತೆಗೆಯುತ್ತಾನೆ, ಸಿಪ್ಪೆ ಬಿಡಿಸಿ ಬೀಜ ತೂಗುತ್ತಾನೆ, ಮೀಟರಿನಲ್ಲಿ ತೇವ ನೋಡುತ್ತಾನೆ. ಐವತ್ತು ಕಿಲೋ ಚೆರಿಗೆ ಎಷ್ಟು ಕಿಲೋ ಬೀಜ ಇಳಿಯಿತು ಎಂಬ ಔಟ್‌ಟರ್ನ್ ಲೆಕ್ಕದ ಮೇಲೆ ದರ ನಿಲ್ಲುತ್ತದೆ. ಸಣ್ಣ ಬೆಳೆಗಾರನ ಕುಹಕವೆಲ್ಲ ಈ ಘಟ್ಟದಲ್ಲಿ ಹೊರಬರುತ್ತದೆ, ಮತ್ತು ಅದಕ್ಕೆ ಕಾರಣವೂ ಇದೆ: ಬೆಲೆಯ ಸುದ್ದಿ ಎಲ್ಲರ ಕೈಗೆ ಬಂತು, ತೂಕ ಮತ್ತು ತೇವದ ಮಾತು ಮೊದಲಿನಂತೆ ಕೊಳ್ಳುವವನ ಕಡೆಯೇ ಉಳಿಯಿತು.

ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತದಿಂದ ದೆಹಲಿಗೆ ಹೋಯಿತು. ಕೊಡಗಿನ ಗುಡ್ಡಗಳ ಮೇಲೆ ಟವರುಗಳು ಏಳಲು ಅದಾಗಿ ಹಲವು ವರ್ಷ ಬೇಕಾಯಿತು. ಎದ್ದ ಮೇಲೆ ಒಂದು ಸಂಗತಿ ಬೇಗ ತಿಳಿಯಿತು: ಕರೆಂಟು ಹೋಗಿ, ಬ್ಯಾಟರಿ ಮುಗಿದು, ಜನರೇಟರಿನ ಡೀಸೆಲ್ಲೂ ತೀರಿದರೆ ಟವರು ಬರೀ ಕಬ್ಬಿಣ. ಹೊಸ ಪೀಳಿಗೆಯ ನೆಟ್‌ವರ್ಕಿನ ಜಾಹೀರಾತು ಬಂದಾಗಲೆಲ್ಲ, ಮೊದಲು ಹಳೆಯದು ಮನೆಯ ಜಗಲಿಯವರೆಗೆ ಬರಲಿ ಎಂಬ ಮಾತು ತಿರುವಿನಲ್ಲಿ ಏಳುತ್ತದೆ. ಈ ಮಾತು ಹಳತಾಗಿದೆ, ಆದರೆ ಅದರ ಕಾರಣ ಇನ್ನೂ ಹಳತಾಗಿಲ್ಲ.

ಕೊಂಕು ತನ್ನ ಕೆಲಸವನ್ನು ಸರಿಯಾಗಿ ಮಾಡಿದ ಒಂದು ಸಂದರ್ಭ ನೋಟು ರದ್ದಾದ 2016ರ ನವೆಂಬರ್. ಹೊಸ 2,000 ರೂಪಾಯಿ ನೋಟಿನಲ್ಲಿ ನ್ಯಾನೊ ಚಿಪ್ ಇದೆ, ನೆಲದೊಳಗೆ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಅದರ ಗುರುತು ಸಿಗುತ್ತದೆ ಎಂದು ಫೋನುಗಳಲ್ಲಿ, ಕೆಲವು ಟಿವಿ ಚಾನೆಲ್‌ಗಳಲ್ಲಿ ಸುದ್ದಿ ಹಬ್ಬಿತು. ಓದಿದವರೂ ನಂಬಿದರು. ನೆಲದ ಮೇಲೆ, ಕೈ ಎತ್ತಿ ಹಿಡಿದ ಫೋನಿಗೇ ರೇಂಜ್ ಸಿಗದ ಊರಿನಲ್ಲಿ ಮಾತ್ರ ಆ ಸುದ್ದಿ ಹೆಚ್ಚು ಹೊತ್ತು ನಿಲ್ಲಲು ಸಾಧ್ಯವಿರಲಿಲ್ಲ. ರೇಂಜ್ ಎಂದರೆ ಏನು, ಅದಕ್ಕೆ ಏನೇನು ಅಡ್ಡ ಬರುತ್ತದೆ ಎಂಬುದನ್ನು ಇಲ್ಲಿನ ಜನ ದಿನವೂ ನಡೆದು ಕಲಿತವರು. ನೋಟಿನಲ್ಲಿ ಅಂಥ ಚಿಪ್ ಇಲ್ಲವೆಂದು ಅಧಿಕೃತವಾಗಿ ಸ್ಪಷ್ಟಪಡಿಸಲಾಯಿತು. ಆ ವಾರಗಳಲ್ಲಿ ತೋಟಗಳಲ್ಲಿದ್ದ ನಿಜವಾದ ಕಷ್ಟ ಬಟವಾಡೆಯದು. ಸಂತೆಗೆ ಮೊದಲು ಕೈಗೆ ಬರಬೇಕಾದ ಕೂಲಿಗೆ ನೋಟೇ ಇರಲಿಲ್ಲ. ಲೈನ್ ಮನೆಗಳ ಕಾರ್ಮಿಕರಿಗೆ ಚಿಪ್ಪಿನ ಚರ್ಚೆಯಿಂದ ಏನೂ ಆಗಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ನೂರರ ನೋಟು.

2018ರ ಆಗಸ್ಟ್ ಎಲ್ಲವನ್ನೂ ಬದಲಿಸಿತು. ತಿಂಗಳ ಮಧ್ಯದಲ್ಲಿ ಮಡಿಕೇರಿ ತಾಲ್ಲೂಕಿನ ಗುಡ್ಡಗಳು ಕುಸಿದವು: ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಮದೆನಾಡು, ಜೋಡುಪಾಲ. ಮಂಗಳೂರಿನ ಹೆದ್ದಾರಿ ಮುಚ್ಚಿತು, ಕರೆಂಟಿಲ್ಲ, ಬಹಳ ಕಡೆ ಫೋನಿಲ್ಲ. ಮಡಿಕೇರಿಯಲ್ಲಿ ಎರಡಂತಸ್ತಿನ ಮನೆಯೊಂದು ಬುಡದಿಂದ ಜಾರಿ ಕೆಳಗುರುಳುವ ವಿಡಿಯೊವನ್ನು ದೇಶವೆಲ್ಲ ನೋಡಿತು. ಅದು ನಿಜ. ಅದರ ಜೊತೆಗೆ ಸುಳ್ಳೂ ಓಡಾಡಿತು, ಎರಡನ್ನೂ ಕಳಿಸಿದ್ದು ಅವೇ ವಾಟ್ಸ್ಆ್ಯಪ್ ಗ್ರೂಪುಗಳು. ಬೆಂಗಳೂರಿನಲ್ಲಿ, ಗಲ್ಫಿನಲ್ಲಿ ಕೂತ ಮಕ್ಕಳಿಗೆ ಯಾವುದು ಯಾವುದೆಂದು ಬೇರೆ ಮಾಡಲು ದಾರಿ ಇರಲಿಲ್ಲ. ಕೇಳೋಣವೆಂದರೆ ಊರಿನ ಫೋನು ಸಿಗುತ್ತಿರಲಿಲ್ಲ. ಗುಡ್ಡದ ಮೇಲೆ ಸಿಕ್ಕಿಬಿದ್ದವರು ಎಲ್ಲಿದ್ದಾರೆ, ಎಷ್ಟು ಜನ, ಯಾರಿಗೆ ಔಷಧಿ ಬೇಕು ಎಂಬ ವಿವರವನ್ನು ರಕ್ಷಣಾ ತಂಡಗಳಿಗೆ ಮುಟ್ಟಿಸಲೂ ಅವೇ ಗ್ರೂಪುಗಳು ನೆರವಾದವು. ಅವುಗಳನ್ನು ಬರೀ ಬೈಯುವವರು ಇದನ್ನು ಮರೆಯಬಾರದು.

ಬೆಂಚಿಗೂ ಗ್ರೂಪಿಗೂ ಇರುವ ವ್ಯತ್ಯಾಸ ಆಗ ಕಣ್ಣಿಗೆ ಹೊಡೆದು ಕಂಡಿತು. ಬೆಂಚಿನ ಮೇಲೆ ಸುಳ್ಳು ಹೇಳಿದವನು ಮರುದಿನ ಅದೇ ಬೆಂಚಿಗೆ ಬರಬೇಕಿತ್ತು. ನಾಲ್ಕು ಜನ ಅವನ ಮುಖ ನೋಡಿ ಕೇಳುತ್ತಿದ್ದರು. ಗ್ರೂಪಿನಲ್ಲಿ ಸುದ್ದಿಗೆ ಮುಖವಿಲ್ಲ. ಅದು ಯಾರೋ ಕಳಿಸಿದ್ದು, ಅವರಿಗೂ ಯಾರೋ ಕಳಿಸಿದ್ದು. ಆ ವರ್ಷದ ಜುಲೈಯಲ್ಲಿಯೇ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕುವುದಾಗಿ ಹೇಳಿತ್ತು. ಹೆದರಿದ ಊರಿಗೆ ಐದು ಕಡಿಮೆ ಸಂಖ್ಯೆಯೇನಲ್ಲ.

ಹವಾಮಾನದ ಮುನ್ಸೂಚನೆಯನ್ನು ಗೇಲಿ ಮಾಡುವುದು ಅಲ್ಲಿಂದ ಕಡಿಮೆಯಾಯಿತು. ಮಳೆ ಬರುತ್ತದೆ ಎಂದು ಹೇಳಲು ಕೊಡಗಿನಲ್ಲಿ ಯಂತ್ರ ಯಾಕೆ ಎಂದು ಹಿಂದೆ ಆಡಿಕೊಳ್ಳುತ್ತಿದ್ದವರು ರೆಡ್ ಅಲರ್ಟ್, ಆರೆಂಜ್ ಅಲರ್ಟ್ ಎಂಬ ಪದಗಳನ್ನು ಮನೆಮಾತಿನಲ್ಲಿ ಬಳಸತೊಡಗಿದರು. 2022ರ ಜೂನ್ ಕೊನೆಯಲ್ಲಿ ಚೆಂಬು, ಪೆರಾಜೆ ಕಡೆ ನೆಲ ನಡುಗಿದಾಗ, ಪಾತ್ರೆ ಅಲುಗಿದ ಕೂಡಲೇ ಜನ ಫೋನು ತೆಗೆದು ತೀವ್ರತೆ ಎಷ್ಟೆಂದು ಹುಡುಕಿದರು. ಕುಹಕವಾಡುವವರು ಆ ದಿನ ಇರಲಿಲ್ಲ.

ಕೊರೊನಾ ಕಾಲದಲ್ಲಿ ಪಾಠ ಫೋನಿಗೆ ಬಂದಾಗ ತಿರುವುಗಳು ಶಾಲೆಯಾದವು. ಮಳೆಯಲ್ಲಿ ಕೊಡೆ ಹಿಡಿದು, ಫೋನಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಮೋರಿಕಟ್ಟೆಯ ಮೇಲೆ ಕೂತು ಹುಡುಗಿಯರು ನೋಟ್ಸ್ ಬರೆದುಕೊಂಡರು; ಪಕ್ಕದಲ್ಲಿ ಕಾವಲಿಗೆ ಅಜ್ಜನೋ ಅಮ್ಮನೋ ಇರುತ್ತಿದ್ದರು, ಕತ್ತಲಾದರೆ ಆನೆಯ ಭಯ. ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರು ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ರೇಂಜಿಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿ ಅಲ್ಲಿಂದಲೇ ಪಾಠ ಮಾಡಿದರು. ಹೊರಗಿನ ಪತ್ರಿಕೆಗಳು ಅದನ್ನು ಸೊಗಸಾದ ಸುದ್ದಿಯಾಗಿ ಬರೆದವು. ಸರ್ಕಾರಿ ಶಾಲೆಯ ಮೇಷ್ಟ್ರು ಮರ ಹತ್ತಬೇಕಾಯಿತಲ್ಲ ಎಂಬ ನೋವು ಆ ಬರಹಗಳಲ್ಲಿ ಇರಬೇಕಾಗಿದ್ದಷ್ಟು ಇರಲಿಲ್ಲ.

ಪ್ರವಾಸಿಗಳ ಜೊತೆ ಮ್ಯಾಪ್ ಬಂತು. 2008ರ ‘ಗಾಳಿಪಟ’ ಸಿನಿಮಾದ ನಂತರ ಮಾಂದಲಪಟ್ಟಿಗೆ ಮುಗಿಲುಪೇಟೆ ಎಂಬ ಹೆಸರು ಅಂಟಿ, ಜೀಪುಗಳು ಸಾಲು ಹಿಡಿದಿದ್ದವು. ಫೋನಿನ ಮ್ಯಾಪ್ ನೋಡಿಕೊಂಡು ಬರುವ ಕಾರುಗಳು ಇನ್ನೂ ಒಳಗೆ, ತೋಟದ ದಾರಿಗಳಿಗೆ ನುಗ್ಗಿದವು. ಮನೆಯಂಗಳದಲ್ಲಿ ಬಂದು ನಿಂತು ರೆಸಾರ್ಟ್ ಎಲ್ಲಿ ಎಂದು ಕೇಳುವುದು, ತಿರುಗಿಸಲಾಗದೆ ಚಕ್ರ ಚರಂಡಿಗೆ ಇಳಿಸುವುದು, ನಾಯಿ ಬೊಗಳುವುದು. 2024ರ ಮಾರ್ಚ್‌ನಲ್ಲಿ ಇಂಥ ಒಂದು ರಸ್ತೆಯ ಬದಿಯ ಬೋರ್ಡಿನ ಚಿತ್ರ ದೇಶವೆಲ್ಲ ಸುತ್ತಿತು. ಗೂಗಲ್ ಹೇಳುವುದು ತಪ್ಪು, ಈ ದಾರಿ ರೆಸಾರ್ಟಿಗೆ ಹೋಗುವುದಿಲ್ಲ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ನೋಡಿದವರು ನಕ್ಕರು, ಒಬ್ಬರಿಗೊಬ್ಬರು ಕಳಿಸಿದರು. ಆ ಬೋರ್ಡಿನಲ್ಲಿ ಮಾತ್ರ ನಗುವ ಮಾತು ಒಂದೂ ಇಲ್ಲ. ಸುದ್ದಿ ತಪ್ಪಾಗಿದೆ, ಸರಿ ಇದು, ವಾಪಸ್ ಹೋಗಿ. ಬೆಂಚಿನ ಮೇಲೆ ಪತ್ರಿಕೆ ಓದುತ್ತಿದ್ದವರು ಆಡುತ್ತಿದ್ದ ಮಾತಿನ ಧಾಟಿಯೇ ಅದು.

ಪತ್ರಿಕೆಯನ್ನು ಜೋರಾಗಿ ಓದುತ್ತಿದ್ದ ಆ ಬೆಂಚುಗಳು ಈಗ ಅಪರೂಪ. ಅಂಗಡಿಗಳಲ್ಲಿ ರೀಚಾರ್ಜ್ ಸಿಗುತ್ತದೆ, ಗೋಡೆಗೆ ಹಣ ಕಳಿಸುವ ಕ್ಯೂಆರ್ ಕೋಡಿನ ಚೀಟಿ ಅಂಟಿದೆ, ಕರೆಂಟು ಹೋದ ದಿನ ಮತ್ತೆ ಚಿಲ್ಲರೆ ಹುಡುಕುತ್ತಾರೆ. ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕಗಳು ಬಂದಿವೆ. ಆದರೂ ಬೆಳೆಗಾರರ ಅಂಗಳದ ಮಳೆಮಾಪಕ ಹೋಗಿಲ್ಲ. ಕಾಫಿ ಗಿಡ ಅರಳಬೇಕಾದರೆ ಫೆಬ್ರವರಿ, ಮಾರ್ಚ್‌ನಲ್ಲಿ ಹತ್ತಿರ ಹತ್ತಿರ ಒಂದು ಇಂಚು ಹೂಮಳೆ ಬೇಕು. ಪಕ್ಕದ ಊರಿಗೆ ಬಿದ್ದ ಮಳೆ ಈ ತೋಟಕ್ಕೆ ಬಿದ್ದಿರುವುದಿಲ್ಲ. ಬೆಳಗ್ಗೆ ಎದ್ದು ಗಾಜಿನ ಅಳತೆ ಕೊಳವೆಗೆ ನೀರು ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಇಂಚು ಮತ್ತು ಸೆಂಟಿನಲ್ಲಿ, ಅಂದರೆ ಇಂಚಿನ ನೂರನೇ ಭಾಗದಲ್ಲಿ, ಓದುತ್ತಾರೆ. ಹಳೆಯ ಡೈರಿಯಲ್ಲಿ ಬರೆದಿಡುತ್ತಾರೆ. ಆಮೇಲೆ ತಿರುವಿನವರೆಗೆ ನಡೆದು ಹೋಗಿ, ರೇಂಜ್ ಬಂದ ಕೂಡಲೇ, ಊರಿನ ಹೆಸರಿನ ಮುಂದೆ ಆ ಅಂಕಿಯನ್ನು ಗ್ರೂಪಿಗೆ ಹಾಕುತ್ತಾರೆ.