ದೋಣಿಗೆ ನೀರು ಕುಡಿಸಿದ ಬೇಸಿಗೆ

‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?’ ಎನ್ನುವ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಬೇ ಏರಿಯಾಕ್ಕೆ ಬಂದ ನಾವು ಕನ್ನಡಿಗರು ಈ ಗಾದೆಯನ್ನು ಸುಳ್ಳು ಮಾಡಿಬಿಟ್ಟಿದ್ದೇವೆ! ಊರಿನ ಹೆಸರಿನಲ್ಲೇ ಕೊಲ್ಲಿ ಇದೆ. ನಾವೋ, ಟೋಲ್ ಕಟ್ಟಿ ಡಂಬಾರ್ಟನ್ ಸೇತುವೆಯ ಮೇಲೆ ಅದನ್ನು ದಾಟುತ್ತೇವೆ. ಊರಿನಿಂದ ಅಪ್ಪ ಅಮ್ಮ ಬಂದರೆ ಗೋಲ್ಡನ್ ಗೇಟ್ ಮುಂದೆ ಒಂದು ಫೋಟೋ, ಪಿಯರ್ 39ರಲ್ಲಿ ಕಡಲಸಿಂಹಗಳ ದರ್ಶನ. ಅಲ್ಲಿಗೆ ನಮ್ಮ ಜಲಯಾತ್ರೆ ಸಂಪೂರ್ಣ.

ಬೇರೆಯವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ನಾನು ಹುಟ್ಟಿದ್ದು ಕುಂದಾಪುರದ ಎದುರು ದಡದ ಗಂಗೊಳ್ಳಿಯಲ್ಲಿ, ಐದು ನದಿಗಳು ಸೇರಿ ಕಡಲಿಗೆ ಹೋಗುವ ಜಾಗದಲ್ಲಿ. ಅಂಥವನು 1998ರಲ್ಲಿ ಇಲ್ಲಿಗೆ ಬಂದು, ಈ ನೀರನ್ನು ಕೈಯಿಂದ ಮುಟ್ಟಿದ್ದು 2011ರಲ್ಲಿ. ಹದಿಮೂರು ವರ್ಷ!

ಮುಟ್ಟಿಸಿದ್ದು ಒಂದು ಹಳೆಯ ದೋಣಿ. ಅಲಮೀಡಾದಲ್ಲಿ ಒಬ್ಬರು ಅಜ್ಜ ಮನೆ ಖಾಲಿ ಮಾಡುತ್ತಿದ್ದರು. ನಾನು ಹೋದದ್ದು ಅವರ ಪುಸ್ತಕದ ಕಪಾಟು ಕೊಳ್ಳಲಿಕ್ಕೆ. ತಂದದ್ದು ಹದಿನಾಲ್ಕು ಅಡಿಯ ಮರದ ದೋಣಿ. ಸೀಡರ್ ಹಲಗೆ, ಓಕ್ ಮರದ ಪಕ್ಕೆಲುಬು, ಎರಡು ಹುಟ್ಟು, ಒಂದು ಪುಟ್ಟ ಹಾಯಿ. ಟ್ರೇಲರ್ ಸೇರಿ ನಾನೂರು ಡಾಲರು. “ಕಪಾಟು ಎಲ್ಲಿ?” ಎಂದು ಕೇಳಿದ ನನ್ನವಳು, ಡ್ರೈವ್‌ವೇಯಲ್ಲಿ ನಿಂತಿದ್ದನ್ನು ನೋಡಿ ಮುಂದೆ ಮಾತಾಡಲಿಲ್ಲ. ಆ ಮೌನದ ಅರ್ಥ ಮದುವೆಯಾದವರಿಗೆಲ್ಲ ಗೊತ್ತು.

ದೋಣಿ ಬಂದ ಮೇಲೆ ಹುಚ್ಚು ಹತ್ತಿತು. ಈ ಹುಚ್ಚಿನವರು ಇಲ್ಲಿ ನಾನೊಬ್ಬನೇ ಅಲ್ಲ ಎಂದೂ ತಿಳಿಯಿತು. 1867ರಲ್ಲಿ ಇಲ್ಲಿನ ಸರಕು ಹಡಗುಗಳ ಕಪ್ತಾನರು ‘ನನ್ನದು ಜೋರೋ ನಿನ್ನದು ಜೋರೋ’ ಎಂದು ಜುಲೈ ನಾಲ್ಕರಂದು ಪಂದ್ಯ ಕಟ್ಟಿದರು. ಅದೇ ಮಾಸ್ಟರ್ ಮ್ಯಾರಿನರ್ಸ್ ರೆಗಾಟಾ. 1891ರಲ್ಲಿ ನಿಂತುಹೋದ ಈ ಪಂದ್ಯವನ್ನು ಹಳೆಯ ಹಾಯಿದೋಣಿಗಳ ಪ್ರೇಮಿಗಳು 1965ರಲ್ಲಿ ಮತ್ತೆ ಶುರುಮಾಡಿದರು. ಮೇ ಕೊನೆಯ ಮೆಮೋರಿಯಲ್ ಡೇ ರಜೆಯಲ್ಲಿ ದಡದಲ್ಲಿ ನಿಂತರೆ ಬಿಳಿ ಹಾಯಿಗಳ ಸಾಲು ಕಾಣಿಸುತ್ತದೆ. ಅದರಲ್ಲಿ ‘ಬೇರ್’ ಎಂಬ ಇಪ್ಪತ್ತಮೂರು ಅಡಿಯ ಪುಟಾಣಿ ದೋಣಿಗಳೂ ಉಂಟು. 1930ರ ದಶಕದಲ್ಲಿ ಸಾಸಲಿಟೋದ ನ್ಯೂನೆಸ್ ಸಹೋದರರ ಕಟ್ಟೆಯಲ್ಲಿ, ಇಲ್ಲಿಯ ಗಾಳಿಗೆಂದೇ ಹುಟ್ಟಿದ ಜಾತಿ ಅದು.

ಇಲ್ಲಿಯ ಗಾಳಿಯ ಕಥೆಯೂ ಸ್ವಾರಸ್ಯದ್ದೇ. ಬೇಸಿಗೆಯಲ್ಲಿ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದ ಹಂಚಾಗುತ್ತದೆ. ಬಿಸಿಗಾಳಿ ಮೇಲೇರಿದಾಗ, ಕಡಲ ಮೇಲಿನ ತಣ್ಣನೆಯ ಗಾಳಿ ಗೋಲ್ಡನ್ ಗೇಟ್ ಎಂಬ ಒಂದೇ ಕಿಂಡಿಯಿಂದ ಒಳಗೆ ನುಗ್ಗುತ್ತದೆ. ನೆಲ ಕಾದು ಕಡಲ ಗಾಳಿಯನ್ನು ಎಳೆಯುವ ನಮ್ಮ ಮುಂಗಾರಿನ ಲೆಕ್ಕವೇ ಇದು. ಮಳೆ ಮಾತ್ರ ಇಲ್ಲ! ಬೆಳಿಗ್ಗೆ ಹಾಲಿನಂತೆ ನಿಂತ ನೀರು ಮಧ್ಯಾಹ್ನ ಮೂರಕ್ಕೆ ನೊರೆ ಕಕ್ಕುತ್ತದೆ.

ಇಷ್ಟೆಲ್ಲ ಓದಿದವನು ಕಲಿಯಬೇಕಾದ್ದನ್ನೇ ಕಲಿತಿರಲಿಲ್ಲ. ದೋಣಿ ಬಹಳ ಕಾಲ ಒಣನೆಲದಲ್ಲಿ ಇದ್ದುದರಿಂದ ಹಲಗೆಗಳ ನಡುವೆ ಬೆರಳುಗುರು ಹೋಗುವಷ್ಟು ಬಿರುಕು. ನಾನು ಎಂಜಿನಿಯರ್ ಅಲ್ಲವೇ! ಅಂಗಡಿಯಿಂದ ಕಲ್ಲಿನಂತೆ ಗಟ್ಟಿಯಾಗುವ ಅಂಟು ತಂದು ಎಲ್ಲ ಬಿರುಕುಗಳಿಗೂ ತುಂಬಿದೆ. ಉಜ್ಜಿದೆ, ಬಣ್ಣ ಬಳಿದೆ. ಸ್ಯಾನ್ ಮಟೇಯೊದ ಕೊಯೋಟಿ ಪಾಯಿಂಟಿನಲ್ಲಿ ನೀರಿಗೆ ಇಳಿಸಿದಾಗ ಒಂದು ಹನಿ ಒಳಗೆ ಬರಲಿಲ್ಲ. ಮೊದಲ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮೂರನೆಯ ದಿನ ಹೋಗಿ ನೋಡಿದರೆ ಎರಡು ಪಕ್ಕೆಲುಬು ಮುರಿದು, ದೋಣಿ ಅರ್ಧ ಮುಳುಗಿತ್ತು. ಯಾರಿಗೂ ಹೇಳದೆ ಗರಾಜಿಗೆ ತಂದು, ಮೇಲೊಂದು ನೀಲಿ ಟಾರ್ಪಾಲು ಹೊದಿಸಿದೆ. ಅದರ ಮೇಲೆ ಮಗಳ ಹಳೆಯ ಸೈಕಲ್ಲು, ದಸರಾ ಗೊಂಬೆಯ ಡಬ್ಬ ಕುಳಿತವು. ಮೂರು ವರ್ಷ ಹಾಗೇ ಕಳೆಯಿತು.

2014ರ ಮೇ ತಿಂಗಳಲ್ಲಿ ಅಪ್ಪ ಬಂದರು. ಅಮ್ಮ ತೀರಿಕೊಂಡ ಮೇಲೆ ಅವರ ಮೊದಲ ಪ್ರಯಾಣ. ಎಪ್ಪತ್ತನಾಲ್ಕು ವಯಸ್ಸು, ಆರು ತಿಂಗಳ ವೀಸಾ. ನಾವಿಬ್ಬರೂ ಆಫೀಸಿಗೆ, ಹನ್ನೊಂದು ವರ್ಷದ ಮಗಳು ಶಾಲೆಗೆ ಹೋದರೆ, ಸನಿವೇಲ್‌ನ ಮನೆಯಲ್ಲಿ ಅವರು, ಟಿವಿ ಮತ್ತು ಫ್ರಿಜ್ಜಿನ ಸದ್ದು. ಮೊಮ್ಮಗಳ ಇಂಗ್ಲಿಷು ಅವರಿಗೆ ತಿಳಿಯದು, ಅವರ ಕುಂದಾಪ್ರ ಕನ್ನಡ ಮೊಮ್ಮಗಳಿಗೆ ತಿಳಿಯದು. ಹೇಗಾದರೂ ಅವರನ್ನು ಮಾತಾಡಿಸಬೇಕೆಂದು ಒಂದು ಶನಿವಾರ ಸ್ಯಾನ್ ಫ್ರಾನ್ಸಿಸ್ಕೋದ ಹೈಡ್ ಸ್ಟ್ರೀಟ್ ಪಿಯರ್‌ಗೆ ಕರೆದುಕೊಂಡು ಹೋದೆ.

ಅದು ರಾಷ್ಟ್ರೀಯ ಉದ್ಯಾನ ಇಲಾಖೆಯವರು ಹಳೆಯ ಹಡಗುಗಳನ್ನು ಉಳಿಸಿಕೊಂಡಿರುವ ಕಟ್ಟೆ. 1886ರ ಬಾಲ್‌ಕ್ಲೂಥಾ ಎಂಬ ದೊಡ್ಡ ಹಡಗಿನ ಮುಂದೆ ಅಪ್ಪ ಸುಮ್ಮನೆ ನಡೆದುಹೋದರು. ನಿಂತದ್ದು ಒಂದು ಸಣ್ಣ ದೋಣಿಯ ಎದುರು. ಹೆಸರು ನುವೊವೊ ಮೊಂಡೊ. ಹತ್ತೊಂಬತ್ತನೇ ಶತಮಾನದಲ್ಲಿ ಇಟಲಿಯಿಂದ ಬಂದ ಮೀನುಗಾರರು ತಮ್ಮೂರಿನ ನೆನಪಿನಿಂದ ಇಲ್ಲಿ ಕಟ್ಟಿಕೊಂಡ ‘ಫೆಲೂಕಾ’ ದೋಣಿಯ ಪ್ರತಿರೂಪ ಅದು. 1980ರ ದಶಕದಲ್ಲಿ ಅಲ್ಲಿಯೇ ಕಟ್ಟಿದ್ದು. ಕುಳ್ಳ ಕಂಬ, ಅದಕ್ಕೆ ಓರೆಯಾಗಿ ತೂಗಿದ ಉದ್ದನೆಯ ಕೋಲು, ಕೋಲಿಗೆ ತ್ರಿಕೋನದ ಹಾಯಿ.

“ಹ್ವಾಯ್, ಇದ್ ನಮ್ ಊರಿನ್ ಹಾಯಿ ಅಲ್ದಾ ಮಾರಾಯಾ!”

ಎರಡು ವಾರದಲ್ಲಿ ಅವರ ಬಾಯಿಂದ ಬಂದ ಅತಿ ಉದ್ದದ ಮಾತು ಅದು. ಆಮೇಲೆ ನಿಲ್ಲಲಿಲ್ಲ. ಪತ್ತೆಮಾರಿ, ಮಚ್ವೆ, ಮಂಗಳೂರಿನ ಮಂಜಿ, ರಂಪಣಿ ಬಲೆಯ ದೋಣಿ, ಹೆಬ್ಬಲಸಿನ ಹಲಗೆ, ಗೇರು ಸಿಪ್ಪೆಯ ಎಣ್ಣೆ… ಕಂಬಕ್ಕೆ ಹೊನ್ನೆ ಮರವೇ ಆಗಬೇಕು ಎಂದರು. ಹಿಂದಿನ ಕಾಲದ ಇಂಗ್ಲಿಷರೂ ಕೆನರಾದ ಕಾಡಿನಿಂದಲೇ ಹಡಗಿನ ಕಂಬ ಒಯ್ಯುತ್ತಿದ್ದರು. ಅವರ ನಿಘಂಟಿನಲ್ಲಿ ಆ ಮರಕ್ಕಿರುವ ‘ಪೂನ್’ ಎಂಬ ಹೆಸರು ನಮ್ಮ ಪೊನ್ನೆ, ಹೊನ್ನೆಯದೇ ರೂಪ.

ಪಕ್ಕದಲ್ಲಿ ಆಲ್ಮಾ ಇತ್ತು. 1891ರಲ್ಲಿ ಹಂಟರ್ಸ್ ಪಾಯಿಂಟಿನಲ್ಲಿ ಕಟ್ಟಿದ ಚಪ್ಪಟೆ ತಳದ ಹಾಯಿದೋಣಿ. ಕಟ್ಟಿದವರ ಮೊಮ್ಮಗಳ ಹೆಸರು ಅದಕ್ಕೆ. ಇಂಥವು ಆ ಕಾಲದ ಲಾರಿಗಳು. ನಗರದ ಕುದುರೆಗಳಿಗೆ ಹುಲ್ಲು, ಮನೆಗಳಿಗೆ ಇಟ್ಟಿಗೆ, ಮರ ಹೊತ್ತು ಕೊಲ್ಲಿಯ ತುದಿತುದಿಗೆ ಹೋಗುತ್ತಿದ್ದವು. ನಾವು ದಿನಾ 237ರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ಜಾಗದ ಪಕ್ಕದ ಅಲ್ವಿಸೋ ಒಂದು ಕಾಲಕ್ಕೆ ಗಿಜಿಗುಡುವ ಬಂದರು. 1864ರಲ್ಲಿ ಸ್ಯಾನ್ ಹೋಸೆಗೆ ರೈಲು ಬಂದದ್ದೇ ಬಂದರು ಸೊರಗಿತು. ಇದನ್ನು ನಾನು ಹೇಳಿದಾಗ ಅಪ್ಪ ತಲೆಯಾಡಿಸಿದರು. ಏನೋ ಹೇಳಲು ಹೊರಟು ಹೇಳಲಿಲ್ಲ.

ಮನೆಗೆ ಬಂದವರೇ, “ನಿನ್ ಹತ್ರ ಒಂದ್ ದೋಣಿ ಇತ್ತಂಬ್ರಲೆ?” ಎಂದರು. ನನ್ನವಳು ಚಾಡಿ ಹೇಳಿಯಾಗಿತ್ತು! ಟಾರ್ಪಾಲು ಸರಿಸಿದೆ. ಅಪ್ಪ ಬಿರುಕಿನ ಉದ್ದಕ್ಕೂ ಉಗುರು ಎಳೆದು ನನ್ನ ಅಂಟನ್ನು ಕುಟ್ಟಿ ನೋಡಿದರು.

“ಒಣಗಿದ್ ಮರ ನೀರ್ ಕುಡಿಯೂದಿಲ್ಯಾ? ಕುಡ್ದ್ ಮೇಲೆ ದಪ್ಪ ಆತ್ತ್. ನೀ ಜಾಗ ಎಲ್ಲ ಕಲ್ಲ್ ಹಾಕಿ ಮುಚ್ಚಿರೆ ಅದ್ ಎಲ್ಲಿಗ್ ಹೋಯ್ಕ್?”

ಒಂದೇ ವಾಕ್ಯದಲ್ಲಿ ನನ್ನ ಎಂಜಿನಿಯರಿಂಗ್ ಡಿಗ್ರಿ ಒದ್ದೆಯಾಯಿತು. ಮರದ ದೋಣಿಯ ಗುಟ್ಟೇ ಅದು. ಹಲಗೆಗಳು ನೀರು ಹೀರಿ ಉಬ್ಬಿ, ಒಂದನ್ನೊಂದು ಒತ್ತಿ, ತಾವೇ ಬಿರುಕು ಮುಚ್ಚಿಕೊಳ್ಳುತ್ತವೆ. ನಡುವೆ ಇರಬೇಕಾದ್ದು ಹತ್ತಿಯ ಹುರಿ, ಮೆತ್ತನೆಯ ಮಸಾಲೆ. ಒತ್ತಿದರೆ ಜಾಗ ಬಿಡುವಂಥದ್ದು. ಗಟ್ಟಿ ಅಂಟು ಜಾಗ ಬಿಡುವುದಿಲ್ಲ. ಆಗ ಮುರಿಯುವುದು ಪಕ್ಕೆಲುಬು.

ಜೂನ್ ಇಡೀ ನನ್ನ ಅಂಟನ್ನು ಕೆರೆದು ತೆಗೆಯುವುದರಲ್ಲೇ ಹೋಯಿತು. ಮುರಿದ ಪಕ್ಕೆಲುಬಿನ ಪಕ್ಕಕ್ಕೆ ಹೊಸದು ಕೂರಿಸಲು ಓಕ್ ಪಟ್ಟಿಯನ್ನು ಹಬೆಯಲ್ಲಿ ಬೇಯಿಸಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆ. “ಇಡ್ಲಿಗಿಂತ ಸ್ವಲ್ಪ ಜಾಸ್ತಿ,” ಎಂದಳು ಮಗಳು, ಕನ್ನಡದಲ್ಲಿ! ಹಬೆಯಿಂದ ತೆಗೆದ ಅರ್ಧ ನಿಮಿಷದಲ್ಲಿ ಬಗ್ಗಿಸಿಬಿಡಬೇಕು. ಅಪ್ಪ “ಒತ್ತ್, ಒತ್ತ್, ಸಾಕ್!” ಎಂದು ಕೂಗುವುದು, ಅವಳು ಕೈಗವಸು ಹಾಕಿಕೊಂಡು ಒತ್ತುವುದು. ಭಾನುವಾರದ ಕನ್ನಡ ತರಗತಿಗೆ ಹೋಗೆಂದು ನಾನು ಎರಡು ವರ್ಷ ಗದರಿದ್ದರಿಂದ ಆಗದ್ದು, ಆ ಗರಾಜಿನಲ್ಲಿ ತಾನಾಗಿ ಆಗುತ್ತಿತ್ತು. ಅಲ್ಲೂ ನಾನು ಗಟ್ಟಿ ಅಂಟು ತುಂಬಿದವನೇ ಎಂದು ನನಗೆ ಆಗ ಹೊಳೆಯಿತು.

ಉಳಿದದ್ದು ನೀರು ಕುಡಿಸುವುದು. ಅಪ್ಪನ ಪ್ರಕಾರ ದೋಣಿಯೊಳಗೆ ಗೋಣಿಚೀಲ ಹಾಸಿ ಎಂಟು ದಿನ ಒದ್ದೆ ಇಡಬೇಕು. ಇಂಡಿಯನ್ ಸ್ಟೋರಿನ ಬಾಸುಮತಿ ಚೀಲಗಳು ಕೆಲಸಕ್ಕೆ ಬಂದವು. ನೀರು? ಅದು ಬರಗಾಲದ ವರ್ಷ. ಜನವರಿಯಲ್ಲೇ ಗವರ್ನರ್ ಬರದ ತುರ್ತುಸ್ಥಿತಿ ಘೋಷಿಸಿದ್ದರು. ಪೈಪು ಹಿಡಿದರೆ ಅಕ್ಕಪಕ್ಕದವರ ಕಣ್ಣು. ಹಾಗಾಗಿ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಷವರ್ ಬಿಸಿಯಾಗುವ ತನಕ ಬಕೆಟ್ಟಿಗೆ ಬಿದ್ದ ನೀರು ಎಲ್ಲ ದೋಣಿಗೇ. “ಈ ಮನೆಯಲ್ಲಿ ನನಗಿಂತ ಅದಕ್ಕೇ ಉಪಚಾರ ಜಾಸ್ತಿ,” ಎಂದು ನನ್ನವಳು ಗೊಣಗುತ್ತಲೇ ಬಕೆಟ್ ತಂದುಕೊಟ್ಟಳು.

ಅಂಥ ಒಂದು ಸಂಜೆ ಚೀಲ ನೆನೆಸುತ್ತ ನಾನು ಕೇಳಿಯೇಬಿಟ್ಟೆ. ಅಪ್ಪನಿಗೆ ಒಂದು ದೋಣಿ ಇತ್ತು. ಹೆಂಚು, ತೆಂಗಿನಕಾಯಿ ಸಾಗಿಸುತ್ತಿದ್ದ ಹಾಯಿದೋಣಿ. 1988ರಲ್ಲಿ ನಾನು ಎಂಜಿನಿಯರಿಂಗ್ ಸೇರಿದ ವರ್ಷವೇ ಅದು ಮಾರಿಹೋಯಿತು. ‘ನಿನ್ನ ಫೀಸಿಗಾಗಿ ದೋಣಿ ಮಾರಿದ’ ಎಂದು ನೆಂಟರು ಹೇಳುತ್ತಿದ್ದರು. ಇಪ್ಪತ್ತಾರು ವರ್ಷ ಆ ಭಾರ ಹೊತ್ತುಕೊಂಡೇ ತಿರುಗಿದ್ದೆ. ಅಲಮೀಡಾದಲ್ಲಿ ಕಪಾಟಿನ ಬದಲು ದೋಣಿ ತಂದದ್ದೂ ಅದಕ್ಕೇ ಇರಬೇಕು.

ಅಪ್ಪ ನಕ್ಕುಬಿಟ್ಟರು. “ನಿನ್ ಫೀಸಿಗೆ ಅಂದ್ ಯಾರ್ ಹೇಳ್ದ್ರ್? ಲಾರಿ ಬಂತ್. ಹೆಂಚ್ ಎಲ್ಲ ಲಾರಿ ಮೇಲ್ ಹೋಯ್ತ್. ನಿನ್ ಫೀಸ್ ನಿನ್ ಅಬ್ಬಿ ಬಳೆಯಗ್ ಆಯ್ತ್.”

ಸ್ವಲ್ಪ ಹೊತ್ತು ಚೀಲ ಹಿಂಡಿ, ತಗ್ಗಿದ ದನಿಯಲ್ಲಿ ಮುಂದುವರಿಸಿದರು. ದೋಣಿ ಮಾರಿದ್ದಕ್ಕೆ ಅವರಿಗೆ ಬೇಜಾರಿರಲಿಲ್ಲ. ಮಾರುವುದೋ ಬೇಡವೋ ಎಂದು ನಿರ್ಧರಿಸಲಾಗದೆ ಎರಡು ವರ್ಷ ಅದನ್ನು ದಡದ ಚಪ್ಪರದಲ್ಲಿ ಇಟ್ಟಿದ್ದರಂತೆ. ಗಿರಾಕಿ ಬಂದಾಗ ಹಲಗೆಗಳು ಸೀಳಿಹೋಗಿದ್ದವು. ಕೊನೆಗೆ ಅದು ಹೋದದ್ದು ಸೌದೆಯ ಬೆಲೆಗೆ. “ನೀರಗ್ ಬಿಟ್ಟಿದ್ರೆ ಬದುಕ್ತಿತ್ತ್,” ಎಂದರು. ಮಗಳು ಬಕೆಟ್ ಹಿಡಿದು ನಿಂತಿದ್ದಳು. ಅವಳಿಗೆ ಎಷ್ಟು ಅರ್ಥವಾಯಿತೋ, ಆ ವಾರ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಚೀಲ ಮುಟ್ಟಿ ನೋಡದೆ ಅವಳು ಹೊರಡಲಿಲ್ಲ. ಮೂರು ವರ್ಷ ಟಾರ್ಪಾಲಿನಡಿ ನಾನೂ ಅದನ್ನೇ ಮಾಡಿದ್ದೆನಲ್ಲ ಎಂದು ನನಗೆ ಅನ್ನಿಸದೆ ಇರಲಿಲ್ಲ.

ಆಗಸ್ಟಿನ ಒಂದು ಶನಿವಾರ ಮತ್ತೆ ಕೊಯೋಟಿ ಪಾಯಿಂಟ್. ನೀರಿಗಿಳಿದ ದೋಣಿ ಮೊದಲ ಗಂಟೆ ಜರಡಿಯಂತೆ ಸೋರಿತು. ಮಗಳು ಮೊಸರಿನ ಡಬ್ಬದಲ್ಲಿ ನೀರು ಮೊಗೆದು ಹಾಕುತ್ತಿದ್ದಳು. ಹತ್ತು ನಿಮಿಷಕ್ಕೊಮ್ಮೆ ಮೊಗೆಯುವುದು ಮಧ್ಯಾಹ್ನಕ್ಕೆ ಗಂಟೆಗೊಮ್ಮೆ ಆಯಿತು. ರಾತ್ರಿ ಅಲ್ಲೇ ಕಟ್ಟಿಟ್ಟೆವು. ಭಾನುವಾರ ಬೆಳಿಗ್ಗೆ ಏಳಕ್ಕೆ ಹೋದರೆ ತಳದಲ್ಲಿ ಅಂಗೈಯಷ್ಟೇ ನೀರು.

ಗಾಳಿ ಏಳುವ ಮುಂಚೆ, ಹತ್ತರೊಳಗೆ ಮುಗಿಸಬೇಕೆಂದು ಅಪ್ಪನ ಆಜ್ಞೆ. ಗೋಲ್ಡನ್ ಗೇಟಿನ ಕಡೆಗಂತೂ ತಲೆ ಹಾಕಬೇಡ ಎಂದರು. ಅಲ್ಲಿ ಇಳಿತದ ಹೊತ್ತಿಗೆ ನೀರು ನಾಲ್ಕೈದು ನಾಟ್ ವೇಗದಲ್ಲಿ ಕಡಲಿಗೆ ಓಡುತ್ತದೆ. ನಮ್ಮ ಹುಟ್ಟಿಗೆ ಅದು ಬಗ್ಗುವುದಿಲ್ಲ. ಪುಟ್ಟ ಹಾಯಿ ಏರಿಸಿದೆ. ಅಪ್ಪ ಹಿಂದೆ ಕುಳಿತು ಚುಕ್ಕಾಣಿ ಹಿಡಿದರು. ತಲೆಯ ಮೇಲೆ ಎಸ್‌ಎಫ್‌ಓಗೆ ಇಳಿಯುವ ವಿಮಾನಗಳು. ಯಾರೂ ಮಾತಾಡಲಿಲ್ಲ. ಹಲಗೆಯ ಕೆಳಗೆ ನೀರಿನ ಗುಳುಗುಳು ಸದ್ದು ಮಾತ್ರ. ಅಪ್ಪ ಮೊಮ್ಮಗಳ ಕೈಯನ್ನು ಚುಕ್ಕಾಣಿಯ ಮೇಲಿಟ್ಟು ತಮ್ಮ ಕೈ ತೆಗೆದುಕೊಂಡರು.

ನಿಮಗೂ ಆಸೆಯಾದರೆ ದೋಣಿ ಕೊಳ್ಳಲೇಬೇಕೆಂದಿಲ್ಲ. 1877ರಲ್ಲಿ ಶುರುವಾದ ಡಾಲ್ಫಿನ್ ಕ್ಲಬ್ಬಿನ ಮರದ ಹುಟ್ಟುದೋಣಿಗಳನ್ನು ಸದಸ್ಯರೇ ಸೇರಿ ಉಜ್ಜಿ, ಬಣ್ಣ ಬಳಿದು ಉಳಿಸಿಕೊಳ್ಳುತ್ತಾರೆ. ಸಾಸಲಿಟೋದಲ್ಲಿ 1885ರ ಫ್ರೀಡಾ ಎಂಬ ಹಾಯಿದೋಣಿಯನ್ನು ವರ್ಷಗಟ್ಟಲೆ ದುರಸ್ತಿ ಮಾಡಿ, ನಮ್ಮ ದೋಣಿ ಇಳಿದ ಆ 2014ರಲ್ಲೇ ಮತ್ತೆ ನೀರಿಗೆ ಬಿಟ್ಟರು. ಹೈಡ್ ಸ್ಟ್ರೀಟ್ ಪಿಯರ್ ದುರಸ್ತಿಗೆ ಮುಚ್ಚಿರುವುದುಂಟು, ವಿಚಾರಿಸಿ ಹೋಗಿ. ದೋಣಿ ಕೊಂಡಿರೋ, ಎಂಟು ಅಡಿಗಿಂತ ಉದ್ದದ ಹಾಯಿದೋಣಿಗೆ ಡಿಎಂವಿಯಲ್ಲಿ ನೋಂದಣಿ ಆಗಬೇಕು. ಹೌದು, ಅಲ್ಲೂ ಡಿಎಂವಿ! ಹದಿಮೂರು ತುಂಬದ ಮಕ್ಕಳಿಗೆ ಲೈಫ್ ಜಾಕೆಟ್ ಕಾನೂನು, ದೊಡ್ಡವರೂ ಹಾಕಿಕೊಳ್ಳಿ. ಇನ್ನು ಮರಕ್ಕೆ ಉಪ್ಪುನೀರು ಒಳ್ಳೆಯದು, ಉಪ್ಪಿನಕಾಯಿಯ ಹಾಗೆ. ಕೊಳೆಸುವುದು ಒಳಗೆ ನಿಂತ ಮಳೆನೀರು.

ಅಪ್ಪನಿಗೆ ಈಗ ಇಷ್ಟು ದೂರದ ಪ್ರಯಾಣ ಆಗುವುದಿಲ್ಲ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಾಯಿಹಡಗು ನೌಕಾಪಡೆಗೆ ಸೇರಿತು. ಅಜಂತಾದ ಐದನೇ ಶತಮಾನದ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು. ಆ ಸುದ್ದಿಯ ಪೇಪರಿನ ಫೋಟೋ ವಾಟ್ಸಾಪಿನಲ್ಲಿ ಕಳಿಸಿ ಅಪ್ಪ ಫೋನು ಮಾಡಿದರು. ಹಡಗಿನ ಬಗ್ಗೆ ಎರಡು ಮಾತು, ಮಳೆಯ ಬಗ್ಗೆ ಎರಡು ಮಾತು. ಆಮೇಲೆ ಪ್ರತಿ ವರ್ಷ ಮೇ ತಿಂಗಳಲ್ಲಿ ಕೇಳುವುದನ್ನೇ ಕೇಳಿದರು.

“ದೋಣಿಗ್ ನೀರ್ ಕುಡ್ಸಿದ್ಯಾ?”

ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ಗರಾಜಿನಿಂದಲೇ ಕೂಗಿದಳು: “ನಾ ಕುಡ್ಸ್ತಾ ಇದ್ದೆ ಅಜ್ಜ!”